ಹಕ್ಕಿಗಳನ್ನು ಅರಸಿ ಬರುವ ಅತಿಥಿಗಳು

ಮೈಸೂರು ಎಂದೊಡನೆ ಹೊರನಾಡಿನವರ ನೆನಪಿಗೆ ಬರುವುವು ಅರಮನೆ, ಚಾಮುಂಡಿಬೆಟ್ಟ ಮತ್ತು ದಸರಾ ಮೆರವಣಿಗೆ. ಆದರೆ ಅರಮನೆಯನ್ನು ಅವಸರದಲ್ಲಿ ನೋಡಿ ಮುಗಿಸಿ, ಮರುದಿನ ಬೆಳಕು ಹರಿಯುವ ಮೊದಲೇ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಕಾವೇರಿಯ ದಡಕ್ಕೆ ಹೊರಡುವ ಪ್ರವಾಸಿಗರೂ ಉಂಟು. ಇವರೇ ಪಕ್ಷಿವೀಕ್ಷಕರು. ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ಪಕ್ಷಿವೀಕ್ಷಣೆಯು ಬಹುಜನರ ಹವ್ಯಾಸ. ಕಂಡ ಹಕ್ಕಿಗಳ ಪಟ್ಟಿಯನ್ನು ಜೀವಮಾನವಿಡೀ ಬೆಳೆಸುತ್ತ ಹೋಗುವ ಇವರಿಗೆ, ತಮ್ಮ ನಾಡಿನಲ್ಲಿ ಕಾಣಸಿಗದ ಒಂದು ಹಕ್ಕಿಗಾಗಿ ಸಾಗರ ದಾಟುವುದು ದೊಡ್ಡ ಮಾತಲ್ಲ.

ಇಂಥವರನ್ನು ಸೆಳೆಯುವ ಸಂಪತ್ತಿನಲ್ಲಿ ಮೊದಲನೆಯದು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಇಲ್ಲಿನ ಕಿರು ನಡುಗಡ್ಡೆಗಳು ಉಂಟಾದುವು. ರೈತನ ಗದ್ದೆಗೆ ನೀರುಣಿಸಲೆಂದು ಮಾಡಿದ ಕಾರ್ಯವು ಹಕ್ಕಿಗಳಿಗೂ ಮನೆಯೊದಗಿಸಿತು. ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗಾಗಿ ಬಂದಿದ್ದ ಸಲೀಂ ಅಲಿಯವರು ಈ ತಿಟ್ಟುಗಳ ಮಹತ್ವವನ್ನು ಮನಗಂಡು ಒಡೆಯರ ಸರ್ಕಾರಕ್ಕೆ ತಿಳಿಸಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮುಖ್ಯ ಜೌಗುನೆಲೆಗಳನ್ನು ಗುರುತಿಸುವ ಪಟ್ಟಿಯಿದು.

ರಂಗನತಿಟ್ಟಿನ ಸೊಬಗನ್ನು ದಡದಲ್ಲಿ ನಿಂತು ಅರಿಯಲಾಗದು, ದೋಣಿಯನ್ನೇರಬೇಕು. ಬಂಡೆಗಳ ಮೇಲೆ ಬಿಸಿಲು ಕಾಯುವ ಮೊಸಳೆಗಳು, ಕೊಂಬೆಕೊಂಬೆಗೂ ಗೂಡು ಕಟ್ಟಿದ ಬಣ್ಣದ ಕೊಕ್ಕರೆ, ಚಮಚದ ಕೊಕ್ಕರೆ, ನೀರುಕಾಗೆಗಳು, ಬರಿಯ ಬಂಡೆಯ ಮೇಲೆಯೇ ಮೊಟ್ಟೆಯಿಡುವ ಹೊಳೆ ರೀವಗಳು ಹತ್ತಿರದಲ್ಲೇ ಕಾಣುತ್ತವೆ. ಸುತ್ತಲಿನ ನೀರೇ ಗೂಡುಗಳಿಗೆ ಬೇಲಿ. ಇಲ್ಲಿ ಹುಟ್ಟುಹಾಕುವ ಅಂಬಿಗನ ಕೆಲಸ ದೋಣಿಯನ್ನು ನಡೆಸುವುದಷ್ಟೇ ಅಲ್ಲ. ಯಾವ ಹಕ್ಕಿ ಯಾವ ಕೊಂಬೆಯಲ್ಲಿದೆ, ಎಷ್ಟು ಸಮೀಪಿಸಿದರೆ ಅದು ಬೆದರಿ ಏಳುತ್ತದೆ ಎಂಬುದನ್ನು ಅವನು ಬಲ್ಲ. ಈ ಅರಿವಿಗೆ ಬೆಲೆಯಿದೆ. ತಾಯಿಹಕ್ಕಿ ಗೂಡು ಬಿಟ್ಟೆದ್ದರೆ ಎಳೆಯ ಮರಿಗಳು ಸುಡುಬಿಸಿಲಿಗೂ ಹದ್ದುಕಾಗೆಗಳಿಗೂ ಈಡಾಗುತ್ತವೆ. ಒಳ್ಳೆಯ ಚಿತ್ರವೊಂದಕ್ಕಾಗಿ ಇನ್ನೂ ಹತ್ತಿರ ಹೋಗೆಂದು ಒತ್ತಾಯಿಸುವ ಅತಿಥಿಗೆ, ಅವನು ಎಷ್ಟೇ ಹಣ ತೆರಲಿ, ಒಲ್ಲೆನೆನ್ನುವ ಧೈರ್ಯ ಅಂಬಿಗನಿಗಿರಬೇಕು. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿಗಳು ನಿಲ್ಲುತ್ತವೆ. ತಗ್ಗಿನ ಗೂಡುಗಳೂ ನೀರುಪಾಲಾಗುತ್ತವೆ.

ವಿದೇಶೀಯರಿಗೆ ಅಚ್ಚರಿಯಾಗುವುದೂ ನಮಗೆ ಅಚ್ಚರಿಯಾಗುವುದೂ ಒಂದೇ ಆಗಿರುವುದಿಲ್ಲ. ಚಮಚದ ಕೊಕ್ಕರೆ ಯೂರೋಪಿನಲ್ಲೂ ಉಂಟು. ಬಾಯ್ಕಳಕ ಕೊಕ್ಕರೆಯಾಗಲಿ, ನಮ್ಮ ಕೆರೆಗಳಲ್ಲಿ ಸಾಮಾನ್ಯವೆನಿಸುವ ಹೆಜ್ಜಾರ್ಲೆಯಾಗಲಿ ಅಲ್ಲಿಲ್ಲ. ನಂಜನಗೂಡಿನ ಕಡೆಯ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಮೈಸೂರು ನಗರದೊಳಗೇ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳಿವೆ. ನಗರದ ಕೊಳಚೆ ಅವುಗಳಿಗೆ ಹರಿದರೆ, ಪ್ರವಾಸೋದ್ಯಮದ ಯಾವ ಜಾಹೀರಾತೂ ಹಕ್ಕಿಯನ್ನಾಗಲಿ ವೀಕ್ಷಕನನ್ನಾಗಲಿ ಮರಳಿ ಕರೆತರಲಾರದು.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಕಥೆ ಇನ್ನೂ ವಿಶಿಷ್ಟವಾದುದು. ಅಲ್ಲಿ ಹಕ್ಕಿಗಳಿಗೆ ನಡುಗಡ್ಡೆಯೂ ಇಲ್ಲ, ಬೇಲಿಯೂ ಇಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಮನೆಯಂಗಳದಲ್ಲಿ ಮಕ್ಕಳು ಆಡುತ್ತಿದ್ದರೆ ತಲೆಯ ಮೇಲೆ ಮರಿಗಳ ಗದ್ದಲ. ಹಕ್ಕಿಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ, ನಿಜ. ಆದರೆ ಗೂಡುಗಳಿರುವಾಗ ಹುಣಿಸೆಹಣ್ಣನ್ನು ಉದುರಿಸುವಂತಿಲ್ಲ; ದುರ್ವಾಸನೆಯನ್ನೂ ಸಹಿಸಬೇಕು. ಮರದ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರಧನ ಕೊಡುತ್ತ ಬಂದಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನವರ ಹೆಜ್ಜಾರ್ಲೆ ಬಳಗವು ಸಾಕಿ ಹಾರಿಬಿಡುತ್ತದೆ. 2007ರಲ್ಲಿ ಸರ್ಕಾರವು ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಇಲ್ಲಿಗೆ ಬರುವ ಅತಿಥಿಯು ಒಂದೆರಡು ಗಂಟೆ ನಿಂತು, ಚಿತ್ರ ತೆಗೆದು, ಊಟಕ್ಕೂ ವಸತಿಗೂ ನಗರಕ್ಕೆ ಹಿಂದಿರುಗಿದರೆ ಅವನ ಹಣವೂ ಅವನೊಡನೆಯೇ ಹಿಂದಿರುಗುತ್ತದೆ. ಹುಣಿಸೆಯ ಫಸಲನ್ನು ಬಿಟ್ಟುಕೊಟ್ಟವಳು ಹಳ್ಳಿಯ ಗೃಹಿಣಿ. ಲಾಭ ಪಡೆದವರು ಬೇರೆಯವರು. ಊರಿನ ಯುವಕರೇ ಮಾರ್ಗದರ್ಶಕರಾಗಿ, ಊರಿನ ಮನೆಗಳಲ್ಲೇ ರಾಗಿಮುದ್ದೆಯ ಊಟವೂ ತಂಗುವ ಕೋಣೆಯೂ ದೊರೆತರೆ ಈ ಲೆಕ್ಕ ಬದಲಾದೀತು. ದೂರದಿಂದ ಬರುವ ಪಕ್ಷಿವೀಕ್ಷಕನು ಬಯಸುವುದೂ ಬಹುಮಟ್ಟಿಗೆ ಇದನ್ನೇ: ನಸುಕಿನಲ್ಲಿ ಬಾಗಿಲು ತೆರೆದರೆ ಎದುರಿನ ಮರದಲ್ಲಿ ಹಕ್ಕಿ ಇರಬೇಕು, ಅದರ ಹೆಸರನ್ನೂ ನಡತೆಯನ್ನೂ ಬಲ್ಲವರೊಬ್ಬರು ಪಕ್ಕದಲ್ಲಿರಬೇಕು.