ಬ್ರೋಮೊ: ಜ್ವಾಲಾಮುಖಿಯ ಒಡಲೊಳಗಿನ ಜ್ವಾಲಾಮುಖಿ

ಇಂಡೊನೇಷ್ಯಾದ ಜಾವಾ ದ್ವೀಪದ ಪೂರ್ವಭಾಗದಲ್ಲಿ 2,329 ಮೀಟರ್ ಎತ್ತರಕ್ಕಿರುವ ಬ್ರೋಮೊ ಒಂಟಿ ಪರ್ವತವಲ್ಲ. ಅದಕ್ಕಿಂತ ಬಹಳ ಹಳೆಯದಾದ ತೆಂಗ್ಗರ್ ಜ್ವಾಲಾಮುಖಿಯ ಒಡಲಲ್ಲಿ ಎದ್ದ ಶಂಕುವಿನಾಕಾರದ ಬೆಟ್ಟ. ಭೂಗರ್ಭದ ಕರಗಿದ ಬಂಡೆ, ಅಂದರೆ ಶಿಲಾಪಾಕ, ಮಹಾಸ್ಫೋಟದಲ್ಲಿ ಹೊರಬಿದ್ದು ಕೆಳಗೆ ಪೊಳ್ಳಾದಾಗ ಮೇಲಿನ ಶಿಖರ ಕುಸಿದು ಉಂಟಾಗುವ ವಿಶಾಲವಾದ ತಗ್ಗನ್ನು ಕ್ಯಾಲ್ಡೆರಾ ಎನ್ನುತ್ತಾರೆ. ತೆಂಗ್ಗರ್ ಕ್ಯಾಲ್ಡೆರಾದ ತಳವನ್ನು ತುಂಬಿರುವ ಬೂದಿಮಣ್ಣಿನ ಬಯಲಿಗೆ ಸ್ಥಳೀಯರು ‘ಮರಳ ಸಮುದ್ರ’ ಎಂಬರ್ಥದ ಹೆಸರನ್ನಿಟ್ಟಿದ್ದಾರೆ. ಕ್ಯಾಲ್ಡೆರಾದ ಅಂಚು, ಬಯಲು, ಬ್ರೋಮೊದ ಬಾಯಿ ಎಂಬ ಈ ಮೂರು ಹಂತಗಳೇ ಸಂದರ್ಶನದ ಕ್ರಮವನ್ನೂ ನಿರ್ಧರಿಸುತ್ತವೆ.

ಸುರಬಾಯಾ ನಗರದಿಂದ ಪ್ರೊಬೊಲಿಂಗೊ ಮಾರ್ಗವಾಗಿ ಕ್ಯಾಲ್ಡೆರಾದ ಅಂಚಿನ ಹಳ್ಳಿಯಾದ ಚೆಮೊರೊ ಲಾವಾಂಗ್ ತಲುಪಿ, ಅಲ್ಲಿ ರಾತ್ರಿ ತಂಗಿ, ನಸುಕಿಗೆ ಮುನ್ನವೇ ಜೀಪಿನಲ್ಲಿ 2,770 ಮೀಟರ್ ಎತ್ತರದ ಪೆನಂಜಾಕನ್‌ಗೆ ಏರುವುದು ರೂಢಿ. ಅಲ್ಲಿಂದ ದಕ್ಷಿಣಕ್ಕೆ ನೋಡಿದಾಗ ಮುಂದೆ ಕಾಣುವ ನೆರಿಗೆಗಟ್ಟಿದ ಶಂಕುವನ್ನೇ ಹಲವರು ಬ್ರೋಮೊ ಎಂದು ಭಾವಿಸುವುದುಂಟು; ಅದು ತಣ್ಣಗಾಗಿರುವ ಬಾಟೊಕ್. ಅದರ ಎಡಕ್ಕೆ ಬಾಯ್ದೆರೆದು ಹೊಗೆಯಾಡುವುದು ಬ್ರೋಮೊ, ಹಿಂದೆ ದೂರದಲ್ಲಿ ನಿಂತಿರುವುದು 3,676 ಮೀಟರ್ ಎತ್ತರದ ಸೆಮೆರು. ಸೂರ್ಯೋದಯದ ಬಳಿಕ ಬಯಲಿಗಿಳಿದು, ನಡೆದೋ ಕುದುರೆಯೇರಿಯೋ ಬೆಟ್ಟದ ಬುಡ ಸೇರಿ, ಸುಮಾರು 250 ಮೆಟ್ಟಿಲು ಹತ್ತಿದರೆ ಜ್ವಾಲಾಕುಂಡದ ಅಂಚು ಸಿಗುತ್ತದೆ.

ಬ್ರೋಮೊ ಎಂಬುದು ಬ್ರಹ್ಮ ಶಬ್ದದ ಜಾವಾ ರೂಪ. ಇಲ್ಲಿಯ ತೆಂಗ್ಗರ್ ಜನ ಹಿಂದೂಗಳಾಗಿದ್ದು, ಬಯಲಿನ ಪುರ ಲುಹುರ್ ಪೊತೆನ್ ದೇಗುಲದಲ್ಲಿ ಪೂಜೆ ಸಲ್ಲಿಸಿ, ವರ್ಷಕ್ಕೊಮ್ಮೆ ಕಸದಾ ಹಬ್ಬದಲ್ಲಿ ತರಕಾರಿ, ಕೋಳಿ ಮುಂತಾದ ಕಾಣಿಕೆಗಳನ್ನು ಕುಂಡಕ್ಕೆ ಅರ್ಪಿಸುತ್ತಾರೆ. ಆ ದಿನಗಳಲ್ಲಿ ಪ್ರವಾಸಿಗರಿಗೆ ನಿರ್ಬಂಧವಿರಬಹುದಾದ್ದರಿಂದ ದಿನಾಂಕವನ್ನು ಮೊದಲೇ ವಿಚಾರಿಸಬೇಕು.

ಜಾವಾ ಸಮಭಾಜಕ ವೃತ್ತದ ದಕ್ಷಿಣಕ್ಕಿರುವುದರಿಂದ ಮೇಯಿಂದ ಸೆಪ್ಟೆಂಬರ್‌ವರೆಗೆ ಒಣಹವೆಯಿದ್ದು, ಆಕಾಶ ನಿಚ್ಚಳವಾಗಿರುವ ಸಾಧ್ಯತೆ ಹೆಚ್ಚು. ಉಷ್ಣವಲಯದ ದ್ವೀಪವೆಂದು ತೆಳುಬಟ್ಟೆ ನಂಬಿ ಹೋಗಬಾರದು. ಎತ್ತರದ ಕಾರಣ ನಸುಕಿನ ಚಳಿ ಕಠೋರವಾಗಿರುತ್ತದೆ. ಬೂದಿಯ ಧೂಳಿಗೂ ಗಂಧಕದ ಹೊಗೆಗೂ ಮುಖಗವಸು ಅಗತ್ಯ. ಉಬ್ಬಸವಿರುವವರು ಕುಂಡದ ಅಂಚಿಗೆ ಹೋಗದಿರುವುದೇ ಲೇಸು.

ಇಂಡೊನೇಷ್ಯಾದಲ್ಲಿ ಜ್ವಾಲಾಮುಖಿಯ ಸ್ಥಿತಿಯನ್ನು ನಾಲ್ಕು ಹಂತಗಳಲ್ಲಿ ಪ್ರಕಟಿಸುತ್ತಾರೆ; ಹಂತ ಏರಿದಂತೆ ನಿಷೇಧಿತ ವಲಯವೂ ಹಿಗ್ಗುತ್ತದೆ. 2004ರ ಜೂನ್‌ನಲ್ಲಿ ಬ್ರೋಮೊದ ಹಠಾತ್ ಸ್ಫೋಟಕ್ಕೆ ಇಬ್ಬರು ಬಲಿಯಾದ ಕಾರಣ, ಹೊರಡುವ ದಿನವೇ ಈ ಪ್ರಕಟಣೆಯನ್ನು ಪರಿಶೀಲಿಸುವುದು ಕ್ಷೇಮ. ಕುಂಡದ ದಾರಿ ಮುಚ್ಚಿದ್ದರೂ ಪೆನಂಜಾಕನ್‌ಗೆ ಪ್ರವೇಶವಿದ್ದರೆ ಪ್ರಯಾಣ ವ್ಯರ್ಥವಾಗದು. ಕುಸಿದ ಹಳೆಯ ಪರ್ವತದ ಅಗಲವೂ ಅದರೊಳಗೆ ಎದ್ದ ಹೊಸದರ ಗಾತ್ರವೂ ಒಟ್ಟಿಗೆ ಕಣ್ಣಿಗೆ ಬೀಳುವುದು ಆ ದೂರದಿಂದ ಮಾತ್ರ.