ಸರ್ಕಾರದ ಸಾಲವೂ ಉಳ್ಳವರ ತೆರಿಗೆಯೂ



ಸರ್ಕಾರಗಳ ಸಾಲ ಏರುತ್ತಲೇ ಇದೆ, ಅದನ್ನು ಇಳಿಸಲು ಸಿರಿವಂತರ ಮೇಲೆ ಹೆಚ್ಚಿನ ತೆರಿಗೆ ಹಾಕಬೇಕು ಎಂಬ ವಾದ ಆಗಾಗ ಕೇಳಿಬರುತ್ತದೆ. ಇದು ದೆಹಲಿಯ ದೊಡ್ಡವರ ಮಾತು, ನಮಗೇಕೆ ಎಂದು ರಾಯದುರ್ಗದ ವರ್ತಕರೂ ಮಡಕಶಿರಾದ ರೈತರೂ ಅಂದುಕೊಳ್ಳಬಹುದು. 2022ರಲ್ಲಿ ಜಿಲ್ಲೆ ಎರಡಾಗಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ತಲೆಯ ಮೇಲಿನ ಸಾಲ ಒಂದೇ.

ಆ ಸಾಲದ ಭಾರವನ್ನು ಇಂದು ಯಾರು ಹೊರುತ್ತಿದ್ದಾರೆ ಎಂಬುದನ್ನು ಮೊದಲು ನೋಡೋಣ. 2020ರ ಹೊತ್ತಿಗೆ ಆಂಧ್ರದಲ್ಲಿ ಡೀಸೆಲ್ ಮೇಲೆ ಶೇ. 22.25 ವ್ಯಾಟ್, ಅದರ ಮೇಲೆ ಲೀಟರಿಗೆ 4 ರೂ. ಹೆಚ್ಚುವರಿ ವ್ಯಾಟ್, ಸಾಲದೆಂಬಂತೆ 1 ರೂ. ರಸ್ತೆ ಸೆಸ್ ಬಿತ್ತು. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಏರಿಸಿದ ಮೇಲೂ ಶೇ. 18.4 ಇತ್ತು, 2025ರ ಏಪ್ರಿಲ್‌ನಲ್ಲಿ ಶೇ. 21.17 ಆಯಿತು. ನಮ್ಮವರು ಮೊಳಕಾಲ್ಮೂರಿಗೋ ಪಾವಗಡಕ್ಕೋ ಹೋದಾಗ ಟ್ಯಾಂಕು ತುಂಬಿಸಿಕೊಂಡು ಬರುವುದು ಇದರಿಂದಲೇ. ಎರಡು ಎಕರೆ ಶೇಂಗಾ ಬಿತ್ತುವವನ ಬಾಡಿಗೆ ಟ್ರ್ಯಾಕ್ಟರಿಗೂ, ಕೋಟ್ಯಧಿಪತಿಯ ಕಾರಿಗೂ ಲೀಟರಿನ ಮೇಲಿನ ತೆರಿಗೆ ಒಂದೇ. ಅವನಿಗೆ ಅದು ಲೆಕ್ಕಕ್ಕೇ ಬಾರದು, ಇವನಿಗೆ ಬೀಜದ ಹಣಕ್ಕೇ ಕತ್ತರಿ.

ಇನ್ನು ಸಾಲದ ವಿಚಾರ. ಸಾಲವೆಲ್ಲ ಕೆಟ್ಟದ್ದಲ್ಲ. ಬೋರು ಕೊರೆಸಲು ಮಾಡಿದ ಸಾಲಕ್ಕೂ ಜಾತ್ರೆಯ ಖರ್ಚಿಗೆ ಮಾಡಿದ ಸಾಲಕ್ಕೂ ಇರುವ ಭೇದ ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಶ್ರೀಶೈಲ ಜಲಾಶಯದ ನೀರನ್ನು ಹಂತಹಂತವಾಗಿ ಎತ್ತಿ ತರುವ ಹಂದ್ರಿ-ನೀವಾ ಯೋಜನೆಗೆ ಮಡಕಶಿರಾ ಶಾಖಾ ಕಾಲುವೆಯೂ ಇದೆ. ಅಂಥದ್ದಕ್ಕೆ ಸಾಲ ಮಾಡಿದರೆ ಮೊಮ್ಮಕ್ಕಳೂ ನೀರು ಕಾಣುತ್ತಾರೆ, ಅವರೂ ಒಂದಿಷ್ಟು ತೀರಿಸಿದರೆ ಅನ್ಯಾಯವಿಲ್ಲ. ತಿಂಗಳ ಖರ್ಚಿಗೇ ಸಾಲ ತರುವುದು ಬೇರೆ; ಉಂಡವರು ನಾವು, ತೀರಿಸುವವರು ಅವರು.

ಬಡ್ಡಿಯ ಗಾತ್ರವನ್ನೂ ತಿಳಿಯಬೇಕು. 2024-25ರ ಕೇಂದ್ರ ಬಜೆಟ್ಟಿನಲ್ಲಿ ಒಟ್ಟು ವೆಚ್ಚ ಸುಮಾರು 48.2 ಲಕ್ಷ ಕೋಟಿ ರೂ.; ಅದರಲ್ಲಿ ಬಡ್ಡಿಗೇ 11.6 ಲಕ್ಷ ಕೋಟಿ. ಈ ಬಡ್ಡಿ ಹೋಗುವುದು ಯಾರಿಗೆ? ಸರ್ಕಾರದ ಸಾಲಪತ್ರಗಳನ್ನು ಕೊಂಡಿರುವ ಬ್ಯಾಂಕುಗಳಿಗೆ, ಜೀವ ವಿಮಾ ನಿಗಮಕ್ಕೆ, ಭವಿಷ್ಯನಿಧಿಗಳಿಗೆ, ಹಣವುಳ್ಳವರಿಗೆ. ನಿಮ್ಮ ಠೇವಣಿಯೂ ಅದರಲ್ಲಿದೆ, ಆದ್ದರಿಂದ ಸಾಲ ಮುಳುಗಿಸುವ ಮಾತು ಯಾರೂ ಆಡಬಾರದು. ಆದರೂ ಒಂದು ವಿಚಿತ್ರವಿದೆ: ಉಳ್ಳವರಿಂದ ತೆರಿಗೆಯಾಗಿ ಪಡೆಯಬಹುದಾದ ಹಣವನ್ನು ಅವರಿಂದಲೇ ಸಾಲವಾಗಿ ಪಡೆದು, ಬಡವನ ಡೀಸೆಲ್ಲಿನಿಂದ ಬಡ್ಡಿ ಕಟ್ಟುವುದು. ನಮಗೆ ಇದು ನ್ಯಾಯವೆನಿಸುವುದಿಲ್ಲ.

ಹಾಗೆಂದು ಶ್ರೀಮಂತರ ಮೇಲೆ ಎಷ್ಟು ಬೇಕಾದರೂ ಹೇರಬಹುದೆ? ಅದನ್ನೂ ಈ ದೇಶ ಮಾಡಿ ನೋಡಿದೆ. 1973-74ರಲ್ಲಿ ಆದಾಯ ತೆರಿಗೆಯ ಮೇಲ್ದರ ಶೇ. 97.75 ಇತ್ತು. ನೂರು ರೂಪಾಯಿ ಹೆಚ್ಚು ದುಡಿದರೆ ಕೈಗೆ ಎರಡೂಕಾಲು ರೂಪಾಯಿ! ಯಾವ ವರ್ತಕನು ಲೆಕ್ಕ ತೋರಿಸಿಯಾನು? ಮರುವರ್ಷವೇ ಅದನ್ನು ಶೇ. 77ಕ್ಕೆ ಇಳಿಸಬೇಕಾಯಿತು. 1953ರಲ್ಲಿ ಬಂದ ಮರಣೋತ್ತರ ಆಸ್ತಿ ತೆರಿಗೆ 1985ರಲ್ಲಿ ರದ್ದಾಯಿತು. ಆಗ ಅದರ ಉತ್ಪತ್ತಿ ವರ್ಷಕ್ಕೆ ಸುಮಾರು 20 ಕೋಟಿ ಮಾತ್ರ. 1957ರ ಸಂಪತ್ತಿನ ತೆರಿಗೆ 2013-14ರಲ್ಲಿ ದೇಶಕ್ಕೆಲ್ಲ 1,008 ಕೋಟಿ ತಂದಿತು. ಅದೇ ವರ್ಷ ಕೇಂದ್ರದ ಬಡ್ಡಿ ಸುಮಾರು 3.7 ಲಕ್ಷ ಕೋಟಿ. ಅದೂ 2015ರ ಬಜೆಟ್ಟಿನಲ್ಲಿ ಹೋಗಿ, ಕೋಟಿ ಮೀರಿದ ಆದಾಯದವರ ಮೇಲೆ ಸರ್ಚಾರ್ಜು ಏರಿತು. ವಿನಾಯಿತಿಗಳ ತೂತು ಮುಚ್ಚದೆ ದರ ಏರಿಸಿದರೆ ಕಣಜ ತುಂಬುವುದಿಲ್ಲ.

ಈ ಸರ್ಚಾರ್ಜಿನಲ್ಲಿ ಇನ್ನೊಂದು ಗುಟ್ಟಿದೆ, ನಮ್ಮ ವರ್ತಕರು ಗಮನಿಸಬೇಕು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲುಂಟು. 2021-26ರ ಅವಧಿಗೆ ಅದು ಶೇ. 41. ಆದರೆ ಸರ್ಚಾರ್ಜು, ಸೆಸ್ಸುಗಳು ಆ ಪಾಲಿನೊಳಗೆ ಬರುವುದಿಲ್ಲ. ದೆಹಲಿಯು ಸಿರಿವಂತರ ಮೇಲೆ ಸರ್ಚಾರ್ಜು ಏರಿಸಿದರೆ ಆಂಧ್ರದ ಸಾಲಕ್ಕೆ ಅದರಿಂದ ಬಿಡಿಗಾಸೂ ಪಾಲು ಬಾರದು. ರಾಜ್ಯ ತಾನೇ ಹಾಕುವ ವೃತ್ತಿ ತೆರಿಗೆಗಾದರೋ ಸಂವಿಧಾನವೇ ವರ್ಷಕ್ಕೆ 2,500 ರೂ. ಮಿತಿ ಹಾಕಿದೆ, ಅದೂ 1988ರಿಂದ. ದೊಡ್ಡ ನಗರದ ಹೆಸರಾಂತ ವಕೀಲನೂ ಅದಕ್ಕಿಂತ ಹೆಚ್ಚು ಕಟ್ಟಬೇಕಿಲ್ಲ. ಈ ಮಿತಿ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ.

ನಾವು ದಾಸೋಹ ಮಾಡುತ್ತೇವಲ್ಲ, ತೆರಿಗೆ ಏಕೆ ಎನ್ನುವ ಉಳ್ಳವರೂ ಇದ್ದಾರೆ. ದಾಸೋಹ ದೊಡ್ಡದು. ಆದರೆ ಹಂದ್ರಿ-ನೀವಾ ಪಂಪುಗಳ ಕರೆಂಟು ಬಿಲ್ಲನ್ನು ದಾಸೋಹದಿಂದ ಕಟ್ಟಲಾಗದು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ಭಂಡಾರದ ಲೆಕ್ಕವನ್ನು ಹೊರಗಿನ ಮಾತೆಂದು ನಾವು ತಳ್ಳಿಹಾಕುವಂತಿಲ್ಲ.

ಕೊನೆಗೆ ನಮಗೇ ಕಹಿಯಾದ ಮಾತು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಅದನ್ನು ಹಾಕುವ ಅಧಿಕಾರ ರಾಜ್ಯಗಳದ್ದು. 1972ರಲ್ಲೇ ಕೆ. ಎನ್. ರಾಜ್ ಸಮಿತಿ ದೊಡ್ಡ ಹಿಡುವಳಿಗಳ ಮೇಲೆ ತೆರಿಗೆ ಸೂಚಿಸಿತ್ತು. ಮಳೆ ನಂಬಿದ ಶೇಂಗಾ ರೈತನನ್ನು ಮುಟ್ಟಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೇಟೆಯ ವ್ಯಾಪಾರದ ಲಾಭವನ್ನು ತೋಟದ ಆದಾಯವೆಂದು ಬರೆಸುವವರು ಅದೇ ರೈತನ ಹೆಸರಿನ ಮರೆಯಲ್ಲಿ ನಿಂತಿದ್ದಾರೆ. ಅವರಿಂದ ಪಡೆದ ತೆರಿಗೆ ಹೊಸ ಖರ್ಚಿಗೆ ಹೋಗದೆ ಅಸಲಿಗೇ ಜಮೆಯಾಗಬೇಕೆಂದು ಕಾನೂನಿನಲ್ಲೇ ಬರೆದರೆ ನಾವು ಒಪ್ಪುತ್ತೇವೆ. ಮುಂದಿನ ಬಾರಿ ಮತ ಕೇಳಲು ಬಂದವರಿಗೆ ಈ ಅಸಲಿನ ಪ್ರಶ್ನೆಯನ್ನೇ ಹಾಕಿ ನೋಡಿ.