ಎರಡು ಅಂಕದ ಉತ್ತರಕ್ಕೂ ಸಾಕ್ಷಿ ಬೇಕು

ಕನ್ನಡ ಪತ್ರಿಕೆಯಲ್ಲಿ ಅಂಕ ಕಳೆದುಕೊಳ್ಳುವ ಮಕ್ಕಳಲ್ಲಿ ಬಹುಪಾಲು ಪಾಠ ಓದಿಯೇ ಇರುತ್ತಾರೆ. ಓದಿದ್ದು ಮಾತ್ರ ಉತ್ತರದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಪಾಠ ಮಾಡುತ್ತ, ಉತ್ತರ ಪತ್ರಿಕೆ ತಿದ್ದುತ್ತ ನನ್ನ ಮನಸ್ಸಿನಲ್ಲಿ ಗಟ್ಟಿಯಾದ ಕೆಲವು ಮಾತುಗಳು ಇಲ್ಲಿವೆ.

1. ಹೊಗಳಿಕೆ ಉತ್ತರವಲ್ಲ

‘ಗೋವಿನ ಹಾಡು’ ಎಲ್ಲರಿಗೂ ಗೊತ್ತು. ಪುಣ್ಯಕೋಟಿಯ ಸತ್ಯನಿಷ್ಠೆ ಹೇಗೆ ವ್ಯಕ್ತವಾಗಿದೆ ಎಂದು ಕೇಳಿದರೆ “ಪುಣ್ಯಕೋಟಿ ಸತ್ಯವಂತೆ, ತ್ಯಾಗಮಯಿ, ಮಾತೃವಾತ್ಸಲ್ಯದ ಸಾಕಾರಮೂರ್ತಿ” ಎಂದು ಸಾಲು ಸಾಲಾಗಿ ಬರುತ್ತದೆ. ಹಾಡನ್ನು ಕೇಳದವರೂ ಇದನ್ನು ಬರೆಯಬಲ್ಲರು. ಇನ್ನು ಕೆಲವರು “ಕೊಟ್ಟ ಮಾತಿನಂತೆ ಹುಲಿಯ ಬಳಿಗೆ ಮರಳಿದಳು” ಎನ್ನುತ್ತಾರೆ. ಸರಿಯೇ, ಅಂಕವೂ ಸಿಗುತ್ತದೆ.

ಆದರೆ ಹಾಡಿನಲ್ಲಿ ಇದಕ್ಕಿಂತ ಬಿಗಿಯಾದ ಸಾಕ್ಷಿಯೊಂದಿದೆ. ಹೊರಡುವ ಮುಂಚೆ ಪುಣ್ಯಕೋಟಿ ತನ್ನ ಕರುವನ್ನು ದೊಡ್ಡಿಯ ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ, ಅದಕ್ಕೆ ಕಾಟ ಕೊಡಬೇಡಿ ಎಂದು ಬೇಡಿಕೊಳ್ಳುತ್ತಾಳೆ. ಹುಲಿಗೆ ಕನಿಕರ ಬಂದು ಬಿಟ್ಟೀತು ಎಂಬ ಲೆಕ್ಕ ಅವಳಲ್ಲಿದ್ದಿದ್ದರೆ ಈ ಏರ್ಪಾಡು ಬೇಕಿರಲಿಲ್ಲ. ಅವಳು ಸಾಯಲೆಂದೇ ಹೊರಟಿದ್ದಾಳೆ. ಇಷ್ಟು ಕಂಡ ಹುಡುಗಿ ಹೀಗೆ ಬರೆಯುತ್ತಾಳೆ: “ಪುಣ್ಯಕೋಟಿ ಮರಳುವ ಮುನ್ನ ಕರುವನ್ನು ಬೇರೆ ಹಸುಗಳಿಗೆ ಒಪ್ಪಿಸುತ್ತಾಳೆ. ಹುಲಿ ತನ್ನನ್ನು ತಿನ್ನುವುದು ಖಂಡಿತ ಎಂದು ತಿಳಿದೂ ಅವಳು ಹೊರಟಳೆಂಬುದು ಇದರಿಂದ ಗೊತ್ತಾಗುತ್ತದೆ. ಅವಳ ಸತ್ಯನಿಷ್ಠೆಗೆ ಇದೇ ಸಾಕ್ಷಿ.” ಮೂರು ವಾಕ್ಯ, ಒಂದೂ ಹೊಗಳಿಕೆಯಿಲ್ಲ.

2. ಎಷ್ಟು ಕೇಳಿದ್ದಾರೋ ಅಷ್ಟು

‘ಯಾರು’, ‘ಎಲ್ಲಿ’ ಎಂದರೆ ಒಂದು ವಾಕ್ಯ. ‘ಏಕೆ’, ‘ಹೇಗೆ’ ಎಂದರೆ ಮಾತ್ರ ಆಧಾರ. ಒಂದು ಅಂಕದ ಪ್ರಶ್ನೆಗೆ ಅರ್ಧ ಪುಟ ಬರೆದವರಿಗೆ ಕೊನೆಯ ಪ್ರಶ್ನೆಗೆ ಹೊತ್ತು ಸಾಲುವುದಿಲ್ಲ.

3. ಕಥೆ ಹೇಳಬೇಡಿ, ಜಾಗ ತೋರಿಸಿ

ಅನಂತಮೂರ್ತಿಯವರ ‘ಸಂಸ್ಕಾರ’ (1965) ತೆಗೆದುಕೊಳ್ಳಿ. ಅಗ್ರಹಾರದವರ ಲೋಭವನ್ನು ಕಾದಂಬರಿ ಹೇಗೆ ತೋರಿಸುತ್ತದೆ? ಪದವಿ ವಿದ್ಯಾರ್ಥಿ ದೂರ್ವಾಸಪುರದಿಂದ ಶುರುಮಾಡುತ್ತಾನೆ. ನಾರಣಪ್ಪನ ನಡತೆ, ಸಾವು, ಪ್ರಾಣೇಶಾಚಾರ್ಯರ ಪಾಂಡಿತ್ಯ ಎಲ್ಲವನ್ನೂ ದಾಟಿ ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ, ಲೋಭ ಇನ್ನೂ ಬಂದಿರುವುದಿಲ್ಲ.

ಬೇಕಾದ ಜಾಗ ಒಂದೇ. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂದಾಗ ಗರುಡಾಚಾರ್ಯ, ಲಕ್ಷ್ಮಣಾಚಾರ್ಯ ಇಬ್ಬರೂ ಹಿಂಜರಿದು ಒಬ್ಬರ ಮೇಲೊಬ್ಬರು ಹಾಕುತ್ತಾರೆ. ನಾರಣಪ್ಪನ ಜೊತೆಗಿದ್ದ ಚಂದ್ರಿ ತನ್ನ ಒಡವೆ ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಇಡುತ್ತಾಳೆ. ಅಲ್ಲಿಂದ ಮಾತು ತಿರುಗುತ್ತದೆ, ಆ ಚಿನ್ನದ ಮೇಲೆ ಅವರ ಹೆಂಡಂದಿರ ಕಣ್ಣೂ ಬೀಳುತ್ತದೆ. ಒಡವೆಗೆ ಮುಂಚಿನ ನಡವಳಿಕೆಯನ್ನೂ ಒಡವೆಯ ನಂತರದ್ದನ್ನೂ ಪಕ್ಕಪಕ್ಕದಲ್ಲಿಟ್ಟರೆ ಉತ್ತರ ಮುಗಿಯಿತು. ಹೆಣ ಅದೇ, ಶಾಸ್ತ್ರ ಅದೇ. ನಡುವೆ ಬದಲಾದದ್ದು ಚಿನ್ನವೊಂದೇ. ‘ಮುಂಚೆ-ನಂತರ’ ಎಂಬ ಈ ಜೋಡಣೆ ಕಥೆ, ಕಾದಂಬರಿಯ ಬಹಳಷ್ಟು ಪ್ರಶ್ನೆಗಳಿಗೆ ಒದಗುತ್ತದೆ. ಎಲ್ಲಕ್ಕೂ ಅಲ್ಲ.

4. ‘ಆಯ್ಕೆ’ ಬರೆದರೆ ಸ್ವಾರಸ್ಯ ಬರೆದಂತಲ್ಲ

ಸಂದರ್ಭ ಸಹಿತ ಸ್ವಾರಸ್ಯದ ಪ್ರಶ್ನೆಯಲ್ಲಿ ‘ಆಯ್ಕೆ’ (ಕವಿ, ಕೃತಿ), ಯಾರು ಯಾರಿಗೆ ಹೇಳಿದರು ಎಂಬುದನ್ನು ಚೊಕ್ಕವಾಗಿ ಬರೆದು, ಸ್ವಾರಸ್ಯಕ್ಕೆ ಬಂದಾಗ “ಈ ವಾಕ್ಯವು ಸ್ವಾರಸ್ಯಪೂರ್ಣವಾಗಿದೆ” ಎಂದು ಮುಗಿಸುವವರೇ ಹೆಚ್ಚು. ಸ್ವಾರಸ್ಯವೆಂದರೆ ಆ ಮಾತು ಆ ಜಾಗದಲ್ಲೇ ಏಕೆ ಚುಚ್ಚುತ್ತದೆ ಎಂಬುದು. ರಾಘವಾಂಕನ ಹರಿಶ್ಚಂದ್ರ ಸ್ಮಶಾನದಲ್ಲಿ ಹೆಣ ಸುಡಲು ತೆರ ಕೇಳುತ್ತಾನೆ. ಕಾವಲುಗಾರನ ಬಾಯಲ್ಲಿ ಅದು ದಿನನಿತ್ಯದ ಮಾತು. ಕೇಳುತ್ತಿರುವವನು ತಂದೆ, ಮುಂದಿರುವುದು ಮಗನ ಹೆಣ, ಹೊತ್ತು ತಂದವಳು ಹೆಂಡತಿ; ಅವನಿಗೆ ಅದು ತಿಳಿದಿಲ್ಲ, ಓದುಗರಿಗೆ ತಿಳಿದಿದೆ. ಬರೆಯಬೇಕಾದ್ದು ಈ ಅಂತರವನ್ನು. ಮಾತಿನ ಅರ್ಥವನ್ನು ಹೊಸಗನ್ನಡದಲ್ಲಿ ಮತ್ತೆ ಹೇಳಿದರೆ ಅದು ಭಾವಾರ್ಥವಾದೀತು, ಸ್ವಾರಸ್ಯವಾಗದು.

5. ಪದ್ಯ ಪೂರ್ತಿ ಬೇಡ

ಕುಮಾರವ್ಯಾಸನ ಪದ್ಯ ಬಾಯಿಗೆ ಬರುತ್ತದೆಂದು ಆರು ಸಾಲನ್ನೂ ಇಳಿಸುವುದು ಬರೀ ಉತ್ಸಾಹ. ಉತ್ತರಕ್ಕೆ ಆಧಾರವಾಗುವ ಎರಡು ಮೂರು ಪದಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ನಿಮ್ಮ ವಾಕ್ಯದೊಳಗೆ ಸೇರಿಸಿ, ಸಾಕು. ಸಾಲು ತಪ್ಪಿ ನೆನಪಾಗುತ್ತಿದೆ ಎನಿಸಿದರೆ ಭಾಮಿನಿ ಷಟ್ಪದಿಯೇ ಕೈಹಿಡಿಯುತ್ತದೆ. ಆರೂ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇರಬೇಕು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರಕ್ಕೆ 23. ಪ್ರಾಸ ಕೂಡದಿದ್ದರೆ ಪದ ಬೇರೆ ಎಂದು ಅಲ್ಲೇ ಗೊತ್ತಾಗುತ್ತದೆ. ಛಂದಸ್ಸು ವ್ಯಾಕರಣದ ಅಂಕಕ್ಕೆ ಮಾತ್ರ ಎಂದುಕೊಂಡವರಿಗೆ ಈ ಉಪಯೋಗ ಹೊಳೆಯುವುದಿಲ್ಲ. ಆಗಲೂ ನೆನಪಾಗದಿದ್ದರೆ ಚಿಹ್ನೆ ತೆಗೆದು ನಿಮ್ಮ ಮಾತಲ್ಲೇ ಹೇಳಿ. ತಪ್ಪು ಉದ್ಧರಣೆಗಿಂತ ಸರಿಯಾದ ಸಾರ ಮೇಲು.

6. ಪಾತ್ರದ ಮಾತು ಲೇಖಕರದಲ್ಲ

ನಾರಣಪ್ಪನ ಬಗ್ಗೆ ಅಗ್ರಹಾರದವರು ಆಡುವ ಮಾತನ್ನು “ಅನಂತಮೂರ್ತಿಯವರು ಹೇಳುತ್ತಾರೆ” ಎಂದು ಬರೆದರೆ ಕಾದಂಬರಿಯೇ ತಲೆಕೆಳಗಾಗುತ್ತದೆ. ಆಧಾರ ಕೊಡುವಾಗ ಯಾರ ಬಾಯಿಯ ಮಾತು ಎಂದು ಮೊದಲು ಹೆಸರಿಸಿ.

7. ಒಗ್ಗದ ಆಧಾರವನ್ನು ಬಚ್ಚಿಡಬೇಡಿ

ರನ್ನನ ‘ಗದಾಯುದ್ಧ’ದ ದುರ್ಯೋಧನ ಎಂದೊಡನೆ ಛಲ, ಅಹಂಕಾರ, ದುಷ್ಟತನ ಎಂದು ಬರೆಯುವುದು ರೂಢಿ. ಅದಕ್ಕೆ ಆಧಾರವೂ ಸಿಗುತ್ತದೆ. ಆದರೆ ಅದೇ ದುರ್ಯೋಧನ ರಣರಂಗದಲ್ಲಿ ನಡೆಯುತ್ತ ಅಭಿಮನ್ಯುವಿನ ಹೆಣದ ಮುಂದೆ ನಿಂತು ಶತ್ರುವಿನ ಮಗನ ಪರಾಕ್ರಮವನ್ನು ಕೊಂಡಾಡುತ್ತಾನೆ. ತನ್ನ ಮಗ ಲಕ್ಷ್ಮಣಕುಮಾರನೂ ಆ ನೆಲದಲ್ಲೇ ಬಿದ್ದಿದ್ದಾನೆ. ಇದನ್ನು ಬಿಟ್ಟು ‘ದುಷ್ಟ’ ಎಂದವರಿಗಿಂತ, “ಛಲ ಬಿಡದವನಾದರೂ ಶೌರ್ಯವನ್ನು ಕಂಡರೆ ಶತ್ರುವೆಂದು ನೋಡದೆ ಗೌರವಿಸಬಲ್ಲ” ಎಂದು ಬರೆದವರು ರನ್ನನನ್ನು ಚೆನ್ನಾಗಿ ಓದಿದ್ದಾರೆ. ‘ಆದರೂ’ ಎಂಬ ಒಂದು ಪದಕ್ಕೆ ಚಿಕ್ಕ ಉತ್ತರದಲ್ಲೂ ಜಾಗವಿದೆ.

ಮೌಲ್ಯಮಾಪನಕ್ಕೆ ಕೂರುವ ಸಹೋದ್ಯೋಗಿಗಳಿಗೂ ಇಲ್ಲೊಂದು ಮಾತು. ಇಂಥ ಉತ್ತರ ಮಾದರಿ ಉತ್ತರದಲ್ಲಿ ಇಲ್ಲವೆಂದು ಅಂಕ ಕತ್ತರಿಸಿದರೆ ಮುಂದಿನ ವರ್ಷ ಆ ಶಾಲೆಯಲ್ಲಿ ಗೈಡು ಮಾತ್ರ ಮಾರಾಟವಾಗುತ್ತದೆ. ಪಠ್ಯದಲ್ಲಿ ಇದೆಯೋ ಇಲ್ಲವೋ ನೋಡಿ, ಇದ್ದರೆ ಅಂಕ ಕೊಡಿ.

8. ಪುನರಾವರ್ತನೆಗೆ ನೋಟ್ಸಿಗಿಂತ ಪಟ್ಟಿ

ಪ್ರತಿ ಪಾಠಕ್ಕೂ ನಾಲ್ಕೈದು ಜಾಗಗಳನ್ನು ಮಾತ್ರ ಬರೆದಿಡಿ. ಕಾರಂತರ ‘ಚೋಮನ ದುಡಿ’ಗೆ ನನ್ನ ಪಟ್ಟಿ ಹೀಗಿರುತ್ತದೆ: ಎತ್ತು ಇದ್ದೂ ಉಳಲು ನೆಲವಿಲ್ಲದ್ದು; ಜನವಿದ್ದೂ ಜಾತಿಯ ಕಾರಣಕ್ಕೆ ನೀರಿನಿಂದ ಯಾರೂ ಎತ್ತದ ನೀಲ; ತೋಟದ ಸಾಲ, ಬೆಳ್ಳಿ ಅದಕ್ಕೆ ತೆತ್ತ ಬೆಲೆ; ಕೊನೆಯ ದುಡಿ. ಪ್ರಶ್ನೆ ಬಡತನದ ಬಗ್ಗೆ ಬರಲಿ, ಅಸ್ಪೃಶ್ಯತೆಯ ಬಗ್ಗೆ ಬರಲಿ, ಚೋಮನ ಆಸೆಯ ಬಗ್ಗೆ ಬರಲಿ, ಈ ನಾಲ್ಕರಲ್ಲಿ ಒಂದಾದರೂ ಒದಗುತ್ತದೆ. ಪಟ್ಟಿಯನ್ನು ಗೆಳೆಯರಿಂದ ನಕಲು ಮಾಡಬೇಡಿ. ಪುಸ್ತಕ ತೆರೆದು ನೀವೇ ಹುಡುಕಿದ ಜಾಗ ಪರೀಕ್ಷೆಯ ಗಡಿಬಿಡಿಯಲ್ಲೂ ನೆನಪಿಗೆ ಬರುತ್ತದೆ.